ಪ್ರಶ್ನೆಯನ್ನೇ ವಾದವಾಗಿಸಿದ ವಕೀಲ

ಎರಡು ವರ್ಷದ ಹಿಂದೆ ಪುಣೆಯ ಕೋರ್ಟೊಂದರಲ್ಲಿ ನಾನು ಸಾಕ್ಷಿ ಹೇಳಬೇಕಾಯಿತು. ನಮ್ಮ ಅಪಾರ್ಟ್‌ಮೆಂಟಿನಿಂದ ಬೈಕ್ ಕಳುವಾಗಿತ್ತು. ರಾತ್ರಿ ಬಾಲ್ಕನಿಯಿಂದ ಕಂಡವನು ಇವನೇ ಎಂದು ಒಬ್ಬ ಹುಡುಗನನ್ನು ತೋರಿಸಿದ್ದೆ. ಆರೋಪಿ ಪರ ವಕೀಲರು ಕೇಳಿದ್ದು ನಾಲ್ಕೇ ಪ್ರಶ್ನೆ: ಎಷ್ಟನೇ ಮಹಡಿ, ದೀಪ ಎಲ್ಲಿತ್ತು, ಕನ್ನಡಕ ಹಾಕಿಕೊಂಡಿದ್ದಿರಾ, ಮುಖ ಕಂಡಿತೇ? ಕೊನೆಯದಕ್ಕೆ ತಡವರಿಸಿದೆ. ನಾನು ನೋಡಿದ್ದು ಅಂಗಿಯನ್ನು, ಮುಖವನ್ನಲ್ಲ.

ಹೊರಬಂದಾಗ ವಕೀಲರ ಮೇಲೆ ವಿಪರೀತ ಸಿಟ್ಟಿತ್ತು. ಈ ಪಾಟೀಸವಾಲು ಎಂಬುದು ಎಲ್ಲಿಂದ ಬಂತೆಂದು ರಾತ್ರಿ ಹುಡುಕುತ್ತ ಕೂತೆ. ಆಗ ಸಿಕ್ಕಿದವನು ವಿಲಿಯಂ ಗ್ಯಾರೋ.

ಗ್ಯಾರೋ ಹುಟ್ಟಿದ್ದು 1760ರಲ್ಲಿ, ಲಂಡನ್ ಹತ್ತಿರದ ಮಂಕನ್ ಹ್ಯಾಡ್ಲಿಯಲ್ಲಿ. ತಂದೆ ಪಾದ್ರಿ, ಶಾಲೆಯನ್ನೂ ನಡೆಸುತ್ತಿದ್ದರು. ಹದಿನೈದನೇ ವಯಸ್ಸಿಗೆ ಹುಡುಗ ಚೀಪ್‌ಸೈಡಿನ ವಕೀಲರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. 1783ರಲ್ಲಿ ಬ್ಯಾರಿಸ್ಟರ್ ಆಗಿ ಓಲ್ಡ್ ಬೇಲಿ ಕೋರ್ಟಿಗೆ ಕಾಲಿಟ್ಟ.

ಅಂದಿನ ವಿಚಾರಣೆ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಸಣ್ಣ ಕಳ್ಳತನಕ್ಕೂ ನೇಣಾಗಬಹುದಿತ್ತು. ಆರೋಪಿಯ ಹಿತ ನೋಡಲು ನ್ಯಾಯಾಧೀಶರೇ ಇದ್ದಾರೆ ಎಂಬ ನಂಬಿಕೆಯಿಂದ ವಕೀಲನ ಬಾಯಿ ಕಟ್ಟಿದ್ದರು. ದೊಡ್ಡ ಅಪರಾಧಗಳಲ್ಲಿ ಆರೋಪಿ ಪರ ವಕೀಲ ಸಾಕ್ಷಿಗಳನ್ನು ಪ್ರಶ್ನಿಸಬಹುದು, ಕಾನೂನಿನ ಅಂಶ ಎತ್ತಬಹುದು, ಆದರೆ ಜ್ಯೂರಿಯ ಮುಂದೆ ವಾದ ಮಂಡಿಸುವಂತಿಲ್ಲ. ಇನ್ನೊಂದೆಡೆ, ದರೋಡೆಯಂಥ ಪ್ರಕರಣಗಳಲ್ಲಿ ಶಿಕ್ಷೆಯಾದರೆ ಹಿಡಿದುಕೊಟ್ಟವರಿಗೆ 40 ಪೌಂಡ್ ಇನಾಮು. ಹಣದಾಸೆಗೆ ಸುಳ್ಳು ಸಾಕ್ಷಿ ಹೇಳುವವರೂ ಇದ್ದರು.

ಗ್ಯಾರೋ ಪ್ರಶ್ನೆಯೊಳಗೇ ವಾದವನ್ನು ಇಟ್ಟ. ಇನಾಮಿನಲ್ಲಿ ನಿನ್ನ ಪಾಲೆಷ್ಟು ಎಂದು ಸಾಕ್ಷಿಯನ್ನು ಕೇಳಿದರೆ ಸಾಕು, ಜ್ಯೂರಿಗೆ ಬೇರೆ ಭಾಷಣ ಬೇಕಿರಲಿಲ್ಲ. ಹತ್ತು ವರ್ಷಗಳಲ್ಲಿ ಸಾವಿರದ ಸಮೀಪ ಮೊಕದ್ದಮೆ ನಡೆಸಿದ; ಹೆಚ್ಚಿನವು ಆರೋಪಿಗಳ ಪರ. ಅಪರಾಧ ಸಾಬೀತಾಗುವವರೆಗೂ ಆರೋಪಿ ನಿರ್ದೋಷಿ ಎಂಬ ತತ್ವವನ್ನು 1791ರ ಕೊಲೆ ಪ್ರಕರಣವೊಂದರಲ್ಲಿ ಆತ ಹೇಳಿದ್ದು ಓಲ್ಡ್ ಬೇಲಿ ದಾಖಲೆಯಲ್ಲಿದೆ. ಆ ದಾಖಲೆಗಳೆಲ್ಲ ಈಗ ಅಂತರ್ಜಾಲದಲ್ಲಿವೆ. ಎಂಜಿನಿಯರನಾದ ನನಗೆ ಅವನ್ನು ಜಾಲಾಡುವುದೇ ಚಟವಾಯಿತು.

ಗ್ಯಾರೋ ದೇವರೇನಲ್ಲ. ಮುಂದೆ ಸಂಸದನಾದ, 1813ರಲ್ಲಿ ಅಟಾರ್ನಿ ಜನರಲ್ ಆದ. ಸರ್ಕಾರದ ಕಡೆ ಕೂತ ಮೇಲೆ, ಕ್ರೂರ ಕಾನೂನುಗಳನ್ನು ಸಡಿಲಿಸಲು ಹೊರಟ ಸ್ಯಾಮ್ಯುಯೆಲ್ ರೋಮಿಲಿಯನ್ನು ವಿರೋಧಿಸಿದ. ಕುರ್ಚಿ ಬದಲಾದರೆ ಮನುಷ್ಯನೂ ಬದಲಾಗುತ್ತಾನೆ ಎಂಬುದು ಆಫೀಸು ಕಂಡ ನಮಗೆ ಹೊಸದಲ್ಲ. 1817ರಿಂದ 1832ರವರೆಗೆ ನ್ಯಾಯಾಧೀಶನಾಗಿದ್ದ.

ಆದರೆ ಆತ ಹಾಕಿದ ದಾರಿ ಉಳಿಯಿತು. 1836ರಲ್ಲಿ ಇಂಗ್ಲೆಂಡಿನ ಕಾಯ್ದೆಯೊಂದು ಆರೋಪಿ ಪರ ವಕೀಲರಿಗೆ ಜ್ಯೂರಿಯ ಮುಂದೆ ವಾದಿಸುವ ಹಕ್ಕು ಕೊಟ್ಟಿತು. ಅದನ್ನು ಕಂಡು, 1840ರಲ್ಲಿ ಗ್ಯಾರೋ ತೀರಿಕೊಂಡ. 1872ರ ಸಾಕ್ಷ್ಯ ಕಾಯ್ದೆ ಪಾಟೀಸವಾಲಿಗೆ ನಮ್ಮಲ್ಲೂ ನಿಯಮ ಬರೆಯಿತು. ಬಂಧಿತನಿಗೆ ತನ್ನ ಆಯ್ಕೆಯ ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ನಮ್ಮ ಸಂವಿಧಾನದ 22ನೇ ವಿಧಿ ಕೊಟ್ಟಿದೆ.

ವಕೀಲರ ಮೇಲಿದ್ದ ನನ್ನ ಸಿಟ್ಟು ಈಗಿಲ್ಲ. ನಾನು ಸುಳ್ಳು ಹೇಳಿರಲಿಲ್ಲ, ಆದರೆ ನಾನು ಹೇಳಿದ್ದು ನಿಜವೂ ಆಗಿರಲಿಲ್ಲ. ಆ ನಾಲ್ಕು ಪ್ರಶ್ನೆ ಕೇಳುವವರು ಇಲ್ಲದಿದ್ದರೆ, ಒಂದು ಅಂಗಿಯ ಗುರುತಿನ ಮೇಲೆ ನಾನೇ ಆ ಹುಡುಗನನ್ನು ಜೈಲಿಗೆ ಕಳಿಸುತ್ತಿದ್ದೆ.