ರಾಯಲ್ಟಿ ಬೇಡವೆಂದವರ ಹೆಸರಿನ ಪ್ರಶಸ್ತಿ

ಪ್ರಶಸ್ತಿ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಒಂದು ಫೋಟೋ. ಇಷ್ಟು ಎಲ್ಲರಿಗೂ ಗೊತ್ತು. ವಿಜ್ಞಾನ, ತಂತ್ರಜ್ಞಾನದಲ್ಲಿ ಹೊಸದೇನಾದರೂ ಮಾಡಿದವರಿಗೆ ನಮ್ಮ ರಾಜ್ಯದಲ್ಲಿ ಕೊಡುವ ಪ್ರಶಸ್ತಿಗಳಿಗೆ ದೊಡ್ಡ ದೊಡ್ಡವರ ಹೆಸರಿಟ್ಟಿದ್ದಾರೆ. ಸಿ.ವಿ. ರಾಮನ್, ರಾಜಾ ರಾಮಣ್ಣ, ಸತೀಶ್ ಧವನ್, ಕಲ್ಪನಾ ಚಾವ್ಲಾ... ಈ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು.

ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಯಾವ ಸಾಲಿಗೆ ಹೋದರೂ ಆ ಜರಿ ಪೇಟದ ಪಟ ಗೋಡೆಯ ಮೇಲೆ ಕಂಡೀತು. ಸರಕಾರಿ ಕೆಲಸಕ್ಕೆ ಒಂದು ಮೇಣದ ಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಎಂಬ ಕಥೆ ಮೂರನೇ ಇಯತ್ತೆಯ ಹುಡುಗನಿಗೂ ಬಾಯಿಪಾಠ. ಆದರೆ ಬತ್ತಿಯ ಕಥೆಗಿಂತ ಬಾಗಿಲಿನ ಕಥೆ ದೊಡ್ಡದು. ಅದನ್ನು ಹೇಳುವವರೇ ಕಡಿಮೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಸಾಲಿ ಕಲಿಯುವಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ರೊಕ್ಕವಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನವರ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡರು. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ಸೈನ್ಸ್ ಕಾಲೇಜಿಗೆ ಕಳಿಸಿತು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೇ ನಂಬರು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟಂಟ್ ಇಂಜಿನಿಯರ್.

ಇಲ್ಲೇ ನಮ್ಮ ಕಡೆಯ ಸಂಬಂಧ ಬರುವುದು. ಆಗ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಸೀಮೆಯೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನ. ಮೈಸೂರಿನ ಹುಡುಗ ಮೊದಲು ಉಪ್ಪು ತಿಂದದ್ದು ಮೈಸೂರಿನದಲ್ಲ, ನಮ್ಮ ಹಿರಿಯರು ಕಂದಾಯ ಕಟ್ಟುತ್ತಿದ್ದ ಸರಕಾರದ್ದು! 24 ವರ್ಷ ಆ ಇಲಾಖೆಯಲ್ಲಿ ದುಡಿದರು. ನಾಸಿಕ, ಖಾನದೇಶ, ಪುಣೆ, ಸೂರತ್ ಎಂದು ತಿರುಗಿದರು. ಧಾರವಾಡ, ಬಿಜಾಪುರ ಊರುಗಳ ಕುಡಿಯುವ ನೀರಿನ ಯೋಜನೆಗಳಲ್ಲೂ ಅವರ ಕೈಯಿತ್ತು.

ಸಿಂಧ್ ಪ್ರಾಂತದ ಸಕ್ಕರ್ ಊರಿಗೆ ಕಳಿಸಿದರು. ಅಲ್ಲಿ ಸಿಂಧೂ ನದಿಯ ನೀರು ರಾಡಿ. ಸೋಸುವ ತೊಟ್ಟಿ ಕಟ್ಟಿಸಲು ಊರಿನವರ ಹತ್ತಿರ ಹಣವಿಲ್ಲ. ವಿಶ್ವೇಶ್ವರಯ್ಯ ಏನು ಮಾಡಿದರು? ನದಿಯ ಪಾತ್ರದೊಳಗೇ ಬಾವಿ ತೆಗೆಸಿದರು. ಮರಳಿನಲ್ಲಿ ಇಳಿದು ಬಂದ ನೀರು ತಾನೇ ತಿಳಿಯಾಗಿ ಬಾವಿ ಸೇರಿತು. ಅಲ್ಲಿಂದ ದಂಡೆಗೆ ಸುರಂಗ, ದಂಡೆಯಿಂದ ಮೇಲಕ್ಕೆ ಪಂಪು. 1895ರ ಹೊತ್ತಿಗೆ ಊರಿಗೆ ತಿಳಿನೀರು ಬಂತು. ವರದಾ ದಂಡೆಯ ಮಂದಿ ಬೇಸಿಗೆಯಲ್ಲಿ ಉಸುಕಿನಲ್ಲಿ ವರತಿ ತೋಡಿ ಕೊಡ ತುಂಬುವುದಿಲ್ಲವೇ? ಅದೇ ಲೆಕ್ಕ. ಹಳ್ಳಿಯ ಹೆಣ್ಣುಮಕ್ಕಳಿಗೆ ಗೊತ್ತಿದ್ದದ್ದನ್ನು ಒಂದು ಪಟ್ಟಣದ ಅಳತೆಗೆ ಹಿಗ್ಗಿಸಿದವರು ಅವರು.

ಈಗ ಬಾಗಿಲಿನ ಕಥೆ.

ಹಿರೇಕೆರೂರು ಸೀಮೆಯವರಿಗೆ ಮದಗ-ಮಾಸೂರು ಕೆರೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ವಿಜಯನಗರದ ಕಾಲದಲ್ಲಿ ಕುಮುದ್ವತಿಗೆ ಗುಡ್ಡಗಳ ನಡುವೆ ಕಟ್ಟಿದ ದೊಡ್ಡ ಒಡ್ಡು ಅದು. ಕಟ್ಟೆ ಒಡೆದು, ಎಷ್ಟೋ ಕಾಲ ಹಾಳುಬಿದ್ದು, ಬ್ರಿಟಿಷರ ಕಾಲದಲ್ಲಿ ಮತ್ತೆ ಒಂದಿಷ್ಟು ಎದ್ದು ನಿಂತಿತು. ಕೆರೆಗೆ ಎರಡು ಭಯ. ನೀರು ಕಡಿಮೆಯಾದರೆ ಹೊಲ ಒಣಗುತ್ತದೆ, ಹೆಚ್ಚಾದರೆ ಕಟ್ಟೆಯೇ ಹೋಗುತ್ತದೆ. ಕೋಡಿಯನ್ನು ಎತ್ತರಿಸಿದರೆ ನೀರು ಹೆಚ್ಚು ನಿಲ್ಲುತ್ತದೆ, ಆದರೆ ಮಹಾಪೂರ ಬಂದ ರಾತ್ರಿ ಕಟ್ಟೆಗೆ ಅಪಾಯ. ಕೋಡಿ ತಗ್ಗಿಸಿದರೆ ಕಟ್ಟೆ ಸುರಕ್ಷಿತ, ನೀರು ಮಾತ್ರ ಹಳ್ಳದ ಪಾಲು.

ಪುಣೆಯ ಹತ್ತಿರ ಖಡಕವಾಸಲಾದ ಫೈಫ್ ಕೆರೆಯಲ್ಲಿ ಇದೇ ಫಜೀತಿ. ಕಟ್ಟೆ ಹಳೆಯದು, ಅದನ್ನು ಎತ್ತರಿಸುವ ಧೈರ್ಯ ಯಾರಿಗೂ ಇಲ್ಲ. ಮಳೆಗಾಲದಲ್ಲಿ ಕೋಡಿ ಮೇಲಿಂದ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ವಿಶ್ವೇಶ್ವರಯ್ಯ ಕಟ್ಟೆ ಮುಟ್ಟಲಿಲ್ಲ. ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳನ್ನು ಕೂಡಿಸಿದರು. ತಕ್ಕಡಿಯಲ್ಲಿ ತೂಗಿದ ಹಾಗೆ ಬಾಗಿಲಿಗೆ ಎದುರಾಗಿ ಭಾರ ಕಟ್ಟಿದರು. ನೀರು ಗೊತ್ತುಮಾಡಿದ ಮಟ್ಟದವರೆಗೆ ಇದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಅದಕ್ಕಿಂತ ಏರಿದರೆ ತೂಕ ತಪ್ಪಿ ಬಾಗಿಲು ತಾನೇ ತೆರೆಯುತ್ತದೆ. ಪೂರ ಇಳಿದರೆ ತಾನೇ ಮುಚ್ಚುತ್ತದೆ. ಕಾವಲುಗಾರ ಮಲಗಿದ್ದರೂ ಚಿಂತೆಯಿಲ್ಲ! ತಕ್ಕಡಿ ಹಿಡಿದು ಜೀವನ ಮಾಡುವ ಅಂಗಡಿಕಾರರಿಗೆ ಇದರ ಮರ್ಮ ಇಂಜಿನಿಯರರಿಗಿಂತ ಬೇಗ ತಿಳಿದೀತು. 1903ರಲ್ಲಿ ಬಾಗಿಲು ಕೂತವು. ಕಟ್ಟೆಗೆ ಒಂದು ಕಲ್ಲೂ ಏರಿಸದೆ ಕೆರೆಯಲ್ಲಿ ಸುಮಾರು 8 ಅಡಿ ನೀರು ಹೆಚ್ಚಿಗೆ ನಿಂತಿತು. ಆಮೇಲೆ ಗ್ವಾಲಿಯರಿನ ತಿಗ್ರಾ ಕಟ್ಟೆಗೂ, ಮುಂದೆ ಕನ್ನಂಬಾಡಿಗೂ ಇದೇ ಬಗೆಯ ಬಾಗಿಲು ಹೋದವು.

ಈ ಬಾಗಿಲಿಗೆ ಅವರ ಹೆಸರಿನಲ್ಲಿ ಪೇಟೆಂಟ್ ಆಯಿತು. ಪೇಟೆಂಟ್ ಅಂದರೆ, ಬಳಸಿದವರು ಮಾಡಿದವನಿಗೆ ರಾಯಲ್ಟಿ ಕೊಡಬೇಕು. ಸರಕಾರ ಕೊಡಲು ತಯಾರಿತ್ತು. ವಿಶ್ವೇಶ್ವರಯ್ಯ ಬೇಡವೆಂದರು. ಸರಕಾರದ ಸಂಬಳ ತಿನ್ನುವಾಗ, ಸರಕಾರದ ಕೆಲಸಕ್ಕೆಂದೇ ಮಾಡಿದ್ದು. ಅದಕ್ಕೆ ಮತ್ತೆ ಬೇರೆ ರೊಕ್ಕ ಯಾಕೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಎಲ್ಲರಿಗೂ ಒಪ್ಪಬೇಕೆಂದೇನಿಲ್ಲ. ತಿಂಗಳ ಸಂಬಳವಿಲ್ಲದೆ ಬಸ್ ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನಲ್ಲಿ ತಲೆ ಓಡಿಸಿ ಒಂದು ಬಿತ್ತನೆಯ ಯಂತ್ರ ಮಾಡಿದವನು ತನ್ನ ರಾಯಲ್ಟಿ ಬಿಟ್ಟುಕೊಡಬೇಕಾಗಿಲ್ಲ. ಅವನಿಗೆ ಪ್ರಶಸ್ತಿಯೂ ಸಲ್ಲಬೇಕು, ರೊಕ್ಕವೂ ಸಿಗಬೇಕು. ಎಂ.ವಿ. ಬೇಡವೆಂದದ್ದು ಸಂಬಳದ ಮೇಲಿನ ಸಂಬಳವನ್ನು. ಅಷ್ಟು ವ್ಯತ್ಯಾಸ ನೆನಪಿರಲಿ.

ಬಾಗಿಲಿಗಿಂತ ಮೊದಲಿನದು ಬ್ಲಾಕ್ ಪದ್ಧತಿ, 1899ರಲ್ಲಿ. ಕಾಲುವೆ ಅಂದಮೇಲೆ ತಲೆಯವನಿಗೆ ನೀರು, ಬಾಲದವನಿಗೆ ಜಗಳ. ಧರ್ಮಾ ಕಾಲುವೆಯ ಹಾನಗಲ್ಲಿನವರಿಗೂ, ತುಂಗಾ ಮೇಲ್ದಂಡೆ ಕಾಲುವೆಯ ಹಿರೇಕೆರೂರಿನವರಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪುಣೆ ಸೀಮೆಯ ನೀರಾ ಕಾಲುವೆಯಲ್ಲಿ ತಲೆಯ ಕಡೆಯವರು ಕಬ್ಬಿಗೆ ಬೇಕಾದಷ್ಟು ನೀರು ಬಿಟ್ಟುಕೊಂಡು ನೆಲ ಜವಳು ಮಾಡಿಕೊಳ್ಳುತ್ತಿದ್ದರು, ಕೆಳಗಿನವರು ಬಾಯಿ ಬಿಡುತ್ತಿದ್ದರು. ವಿಶ್ವೇಶ್ವರಯ್ಯ ಊರೂರಿಗೂ ಜಮೀನಿನ ಬ್ಲಾಕು ಗೊತ್ತುಮಾಡಿದರು. ಬ್ಲಾಕಿನ ಒಂದು ಪಾಲಿನಲ್ಲಿ ಮಾತ್ರ ಕಬ್ಬು, ಭತ್ತ. ಉಳಿದದ್ದರಲ್ಲಿ ಕಡಿಮೆ ನೀರಿನ ಪೈರು. ಆ ಪಾಲು ಸರದಿಯ ಮೇಲೆ ಬದಲಾಗಬೇಕು. ಹೊಸದಾಗಿ ಕಾಲುವೆ ಅಗೆಯದೆ, ಇದ್ದ ನೀರನ್ನೇ ಹೆಚ್ಚು ಊರಿಗೆ ಹಂಚಿದ ಉಪಾಯ. ಯಂತ್ರವಿಲ್ಲ, ಕಬ್ಬಿಣವಿಲ್ಲ, ಬರೀ ಲೆಕ್ಕ. ಇದಕ್ಕೂ ತಂತ್ರಜ್ಞಾನ ಅಂತಲೇ ಹೆಸರು.

1906ರಲ್ಲಿ ಏಡನ್ ಬಂದರಿನ ನೀರಿಗೆ ದಾರಿ ತೋರಿಸಿ ಬಂದರು. ಕೈಸರ್-ಇ-ಹಿಂದ್ ಪದಕ ಬಂತು. ಆದರೆ ಚೀಫ್ ಇಂಜಿನಿಯರ್ ಕುರ್ಚಿ ಆಗ ಬಿಳಿಯರಿಗೇ ಮೀಸಲು ಇದ್ದ ಹಾಗೆ. 1908ರಲ್ಲಿ ನೌಕರಿ ಬಿಟ್ಟು ಪರದೇಶ ತಿರುಗಲು ಹೋದರು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರು ಕರೆಸಿಕೊಂಡರು. ಮೇಲ್ಗಡೆ ಜಲಾಶಯ ಕಟ್ಟಿ ಪೂರ ತಡೆಯಬೇಕೆಂದು ಯೋಜನೆ ಬರೆದುಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅದರ ಫಲ.

1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಈ ಭಾಗ ಓದುಗರಿಗೆ ಗೊತ್ತಿದ್ದದ್ದೇ. 1911ರಲ್ಲಿ ಕನ್ನಂಬಾಡಿ ಕೆಲಸ ಶುರು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಅವರ ಬೆಂಬಲವಿತ್ತು.

ಎಲ್ಲ ಹೊಗಳಿಕೆಯ ಮಾತೇ ಅಲ್ಲ. ಬ್ರಾಹ್ಮಣೇತರರಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯಕ್ಕೆ 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರು ಒಪ್ಪಲಿಲ್ಲ. ಯೋಗ್ಯತೆಯೇ ಅಳತೆಗೋಲು ಆಗಬೇಕೆಂದು ಹಿಡಿದ ಹಟ ಬಿಡಲಿಲ್ಲ, ರಾಜೀನಾಮೆ ಕೊಟ್ಟರು. ಸಾಲಿಯ ಬಾಗಿಲೇ ಕಾಣದವರ ಯೋಗ್ಯತೆ ಅಳೆಯುವುದು ಹೇಗೆ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಆದರೆ ಸಾಲಿ ಹೆಚ್ಚಿಸಿ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ತಂದವರೂ ಇದೇ ದಿವಾನರು. ಎರಡೂ ನಿಜ.

ದಿವಾನಗಿರಿ ಬಿಟ್ಟ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ ಕರೆಸಿ ಅದರ ಆಡಳಿತ ಕೈಗೆ ಕೊಟ್ಟರು. ದಡ ಹತ್ತಿಸಿದರು. ಆ ಕೆಲಸದ ಸಂಭಾವನೆ ಸೇರಿ ದೊಡ್ಡ ಮೊತ್ತವಾಯಿತು. ಅದನ್ನೂ ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸಬು ಕಲಿಸುವ ಸಂಸ್ಥೆಗೆ ಹಾಕಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆ ತೆರೆಯಿತು. ಹೆಸರು ಯಾರದು? ಅವರದಲ್ಲ, ಮಹಾರಾಜ ಜಯಚಾಮರಾಜೇಂದ್ರರದು. ಇವತ್ತಿಗೂ ಅದು ಎಸ್.ಜೆ. ಪಾಲಿಟೆಕ್ನಿಕ್. ಫಿಟ್ಟರ್, ಟರ್ನರ್ ಕೆಲಸ ಕಲಿತ ಹುಡುಗನೂ ದೇಶ ಕಟ್ಟುವವನೇ ಎಂಬ ಎಣಿಕೆ ಅದರ ಹಿಂದಿತ್ತು.

1955ರಲ್ಲಿ ಭಾರತ ರತ್ನ ಬಂತು. ಬಿರುದು ತೆಗೆದುಕೊಂಡ ಮಾತ್ರಕ್ಕೆ ಸರಕಾರವನ್ನು ಹೊಗಳುತ್ತಾ ಕೂಡ್ರಲಾರೆ ಎಂದು ನೆಹರೂ ಅವರಿಗೆ ಮೊದಲೇ ತಿಳಿಸಿದ್ದರೆಂದು ಹೇಳುತ್ತಾರೆ. 90 ದಾಟಿದ ವಯಸ್ಸಿನಲ್ಲೂ ಬಿಹಾರಕ್ಕೆ ಹೋಗಿ ಗಂಗಾ ನದಿಗೆ ಎಲ್ಲಿ ಸೇತುವೆ ಹಾಕಬೇಕೆಂದು ಜಾಗ ನೋಡಿಬಂದವರು, ಯಾರ ಮುಲಾಜಿಗೂ ಬೀಳುವವರಾಗಿರಲಿಲ್ಲ. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸಂಸ್ಕಾರ ಮುದ್ದೇನಹಳ್ಳಿಯಲ್ಲಿ ಆಯಿತು.

1998ರಲ್ಲಿ ಬೆಳಗಾವಿಯಲ್ಲಿ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಆಯಿತು. ಹಾವೇರಿಯ ದೇವಗಿರಿಯಲ್ಲಿರುವ ಸರಕಾರಿ ಇಂಜಿನಿಯರಿಂಗ್ ಕಾಲೇಜು ಅದಕ್ಕೇ ಸೇರಿದ್ದು. ಹಾನಗಲ್ಲು, ಸವಣೂರಿನ ಬಸ್ ಹತ್ತಿ ಅಲ್ಲಿಗೆ ಹೋಗುವ ಹುಡುಗರ ಪದವಿ ಪತ್ರದ ಮೇಲೆ ಅವರ ಹೆಸರೇ ಅಚ್ಚಾಗುತ್ತದೆ. ಬೆಂಗಳೂರಿನ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯವರು ಇಂಥ ಕಾಲೇಜುಗಳ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಹಣದ ಸಹಾಯ ಕೊಡುತ್ತಾರೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ನಮ್ಮ ಕಾಲುವೆಯ ಬಾಲದ ಹೊಲಕ್ಕೆ ನೀರು ಮುಟ್ಟಿಸುವ ಒಂದು ಬಾಗಿಲನ್ನೋ, ಸವಣೂರಿನ ಎಲೆ ತೋಟಕ್ಕೆ ಹೊಂದುವ ಒಂದು ಪಂಪನ್ನೋ ಯಾರಾದರೂ ಹುಡುಗ ಹುಡುಗಿಯರು ಬರೆದು ಕಳಿಸಿದರೆ, ಅದು ಹಿಂದಕ್ಕೆ ಬಂದರೂ ಖರ್ಚಾಗುವುದು ಒಂದು ಅರ್ಜಿಯ ಕಾಗದ ಅಷ್ಟೇ.