ದಾರಿ ಮುಚ್ಚಿ ಗೆದ್ದ ನಾಸೆರ್, ದಾರಿ ಮುಚ್ಚಿ ಸೋತ ನಾಸೆರ್

ಗಮಾಲ್ ಅಬ್ದೆಲ್ ನಾಸೆರ್ ಹುಟ್ಟಿದ್ದು 1918ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಅಪ್ಪ ಅಂಚೆ ಇಲಾಖೆಯ ನೌಕರ. ಸೂಯೆಜ್ ಕಾಲುವೆ ಇದ್ದದ್ದು ಅವರ ದೇಶದ ನೆಲದಲ್ಲಿ, ಅಗೆದವರಲ್ಲಿ ಬಲವಂತವಾಗಿ ಹಿಡಿದು ತಂದ ಅಲ್ಲಿನ ರೈತರೇ ಹೆಚ್ಚು. ಲಾಭ ಮಾತ್ರ ಬ್ರಿಟನ್, ಫ್ರಾನ್ಸಿನ ಷೇರುದಾರರಿಗೆ.

ಸೇನಾಧಿಕಾರಿಯಾದ ನಾಸೆರ್ 1952ರಲ್ಲಿ ದೊರೆ ಫಾರೂಕ್‌ನನ್ನು ಇಳಿಸಿದ ಕ್ರಾಂತಿಯನ್ನು ಮುನ್ನಡೆಸಿದರು. 1956ರಲ್ಲಿ ಅಮೆರಿಕ, ಬ್ರಿಟನ್‌ಗಳು ಆಸ್ವಾನ್ ಅಣೆಕಟ್ಟಿಗೆ ಕೊಡ್ತೀವಿ ಅಂದಿದ್ದ ನೆರವಿನಿಂದ ಹಿಂದೆ ಸರಿದವು. ಜುಲೈ 26ಕ್ಕೆ ನಾಸೆರ್ ಕಾಲುವೆಯನ್ನೇ ರಾಷ್ಟ್ರೀಕರಣ ಮಾಡಿಬಿಟ್ಟರು. ಇಸ್ರೇಲ್, ಬ್ರಿಟನ್, ಫ್ರಾನ್ಸ್ ದಾಳಿ ಮಾಡಿದಾಗ ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ದಾರಿ ಮುಚ್ಚಿತು. ಗಲ್ಫಿನ ತೈಲ ಆಫ್ರಿಕಾ ಸುತ್ತಿ ಹೋಗಬೇಕಾಯ್ತು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಅಮೆರಿಕದ ಒತ್ತಡವೂ ಸೇರಿ ದಾಳಿಕೋರರು ವಾಪಸಾದರು. ನಾಸೆರ್ ಅರಬ್ ಜಗತ್ತಿನ ಹೀರೋ ಆದರು.

1967ರ ಮೇ ತಿಂಗಳಲ್ಲಿ ಅವರು ಇಸ್ರೇಲಿನ ಹಡಗುಗಳಿಗೆ ಟಿರಾನ್ ಜಲಸಂಧಿ ಮುಚ್ಚಿದರು. ಜೂನ್‌ನಲ್ಲಿ ಯುದ್ಧ ಸೋತರು. ಸೂಯೆಜ್ ಕಾಲುವೆ ಮತ್ತೆ ಮುಚ್ಚಿತು, ಅದೇ ಯುದ್ಧದ ಗಡಿಯಾಯ್ತು. ಗ್ರೇಟ್ ಬಿಟರ್ ಲೇಕ್‌ನಲ್ಲಿ 14 ಹಡಗುಗಳು ಸಿಕ್ಕಿಬಿದ್ದವು. ಈಜಿಪ್ಟಿಗೆ ಸುಂಕದ ಆದಾಯ ನಿಂತಿತು. ಮುಂಬೈನಿಂದ ಲಂಡನ್ನಿಗೆ ಹೊರಟ ಸರಕು ಸುಮಾರು 8,000 ಕಿ.ಮೀ. ಹೆಚ್ಚು ಸುತ್ತಬೇಕಾಯ್ತು. ತೈಲ ಕಂಪನಿಗಳು ದೈತ್ಯ ಟ್ಯಾಂಕರ್ ಕಟ್ಟಿಸಿಕೊಂಡು ಸುಧಾರಿಸಿಕೊಂಡವು. ಬಡ ದೇಶಗಳಿಗೆ ಆ ಅನುಕೂಲ ಎಲ್ಲಿತ್ತು?

1970ರ ಸೆಪ್ಟೆಂಬರ್ 28ರಂದು ನಾಸೆರ್ ತೀರಿಕೊಂಡಾಗ ಕಾಲುವೆ ಇನ್ನೂ ಮುಚ್ಚಿತ್ತು. ಅದು ತೆರೆದದ್ದು 1975ರ ಜೂನ್ 5ಕ್ಕೆ. ಕಾಲುವೆ ಈಜಿಪ್ಟಿನದ್ದು ಅಂತ ಅವರು ಹೇಳಿದ್ದು ನ್ಯಾಯವೇ. ಆದರೆ ದಾರಿ ಮುಚ್ಚಿದಾಗ ಅದರ ಬಿಲ್ ಯಾರ ಹೆಸರಿಗೆ ಬರುತ್ತೆ ಅನ್ನೋದು ಮುಚ್ಚಿದವರ ಕೈಯಲ್ಲಿ ಇರಲ್ಲ.