ದ್ರವಗಳ ನಡೆಯನ್ನು ಅಳೆದ ವೈದ್ಯ ಪ್ವಾಸೇ

ನೀರು ಸರಾಗವಾಗಿ ಹರಿಯುತ್ತದೆ. ಜೇನು ತಡೆತಡೆದು ಇಳಿಯುತ್ತದೆ. ನಿತ್ಯವೂ ಕಣ್ಣಿಗೆ ಬೀಳುವ ಈ ಭೇದವನ್ನು ಅಂಕಿಗಳ ಅಳತೆಗೆ ತಂದ ಮಹನೀಯರಲ್ಲಿ ಫ್ರಾನ್ಸ್ ದೇಶದ ಝಾನ್ ಲಿಯೊನಾರ್ ಮಾರಿ ಪ್ವಾಸೇ ಅಗ್ರಗಣ್ಯನು.

1797ರ ಏಪ್ರಿಲ್ 22ರಂದು ಪ್ಯಾರಿಸ್ ನಗರದಲ್ಲಿ ಬಡಗಿಯೊಬ್ಬನ ಮಗನಾಗಿ ಈತನು ಜನಿಸಿದನು. 1815ರಲ್ಲಿ ಪ್ರಖ್ಯಾತವಾದ ಏಕೋಲ್ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿ ಗಣಿತ, ಭೌತಶಾಸ್ತ್ರಗಳ ವ್ಯಾಸಂಗಕ್ಕೆ ತೊಡಗಿದನು. ಮರುವರ್ಷವೇ ರಾಜಕೀಯ ಕಾರಣದಿಂದ ಅರಸನು ಆ ವಿದ್ಯಾಲಯವನ್ನು ಮುಚ್ಚಿಸಲು, ತರುಣನ ಓದು ನಡುದಾರಿಯಲ್ಲಿ ನಿಂತಿತು. ಆತನು ಎದೆಗುಂದದೆ ವೈದ್ಯಶಾಸ್ತ್ರದತ್ತ ತಿರುಗಿದನು. ಕಲಿತ ಭೌತಶಾಸ್ತ್ರವನ್ನು ಮಾತ್ರ ಕೈಬಿಡಲಿಲ್ಲ. ಪಾದರಸದ ಬಾಗುನಳಿಗೆಯಿಂದ ಪ್ರಾಣಿಗಳ ಅಪಧಮನಿಗಳಲ್ಲಿನ ರಕ್ತದೊತ್ತಡವನ್ನು ಅಳೆದು, 1828ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಸಲ್ಲಿಸಿದನು.

ಅತಿ ಸೂಕ್ಷ್ಮವಾದ ನಾಳಗಳಲ್ಲಿ ರಕ್ತವು ಹೇಗೆ ಹರಿಯುವುದೆಂಬುದು ಆತನ ಮುಂದಿನ ಜಿಜ್ಞಾಸೆಯಾಯಿತು. ದೇಹದ ಹೊರಗೆ ರಕ್ತವು ಹೆಪ್ಪುಗಟ್ಟುವುದರಿಂದ ನೀರನ್ನು ಆರಿಸಿಕೊಂಡನು. ಮಿಲಿಮೀಟರಿಗಿಂತಲೂ ಕಿರಿದಾದ ಗಾಜಿನ ಲೋಮನಾಳಗಳಲ್ಲಿ ಅದನ್ನು ಹಾಯಿಸಿ, ಗೊತ್ತುಪಡಿಸಿದಷ್ಟು ನೀರು ಹರಿದುಹೋಗಲು ಹಿಡಿಯುವ ಕಾಲವನ್ನು ಗುಣಿಸಿದನು. ಒತ್ತಡವು ಇಮ್ಮಡಿಸಿದರೆ ಹರಿವೂ ಇಮ್ಮಡಿ; ನಾಳದ ಉದ್ದವು ಇಮ್ಮಡಿಸಿದರೆ ಹರಿವು ಅರ್ಧ; ವ್ಯಾಸವೇ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುವುದು! ಜರ್ಮನಿಯ ಹಾಗೆನ್ ಎಂಬಾತನೂ 1839ರಲ್ಲಿ ಸ್ವತಂತ್ರವಾಗಿ ಇದೇ ತತ್ತ್ವವನ್ನು ಸಮೀಪಿಸಿದ್ದುದರಿಂದ, ಈ ನಿಯಮವು ಇಬ್ಬರ ಹೆಸರಿನಿಂದಲೂ ಪ್ರಸಿದ್ಧವಾಗಿದೆ.

ಬಳಿಕ ಪ್ವಾಸೇ ಬೇರೆ ಬೇರೆ ದ್ರವಗಳನ್ನೂ ಪರೀಕ್ಷಿಸಿದನು. ನೀರು, ಮದ್ಯಸಾರಗಳು ಬಿಡಿಯಾಗಿ ಸುಲಭವಾಗಿ ಹರಿದರೂ, ತಕ್ಕ ಪ್ರಮಾಣದಲ್ಲಿ ಬೆರೆತಾಗ ಎರಡಕ್ಕಿಂತಲೂ ನಿಧಾನವಾಗಿ ಹರಿಯುತ್ತವೆ. ಹರಿವಿಗೆ ಒಡ್ಡುವ ಈ ಒಳತಡೆಯೇ ಸ್ನಿಗ್ಧತೆ. ಭಾರವಾದುದೆಲ್ಲ ಸ್ನಿಗ್ಧವೆಂದು ಭಾವಿಸುವುದು ತರವಲ್ಲ. ಹರಳೆಣ್ಣೆಯು ನೀರಿಗಿಂತ ಹಗುರವಾಗಿ ತೇಲುತ್ತದೆ, ನೀರಿನಲ್ಲಿ ಕರಗದು. ಆದರೂ ಅದರ ಸ್ನಿಗ್ಧತೆ ನೀರಿನ ನೂರಾರು ಪಟ್ಟು. ಗ್ಲಿಸರಿನ್ ಕೂಡ ಹಾಗೆಯೇ ಸ್ನಿಗ್ಧ. ಆದರೆ ಅದರ ಸಾಂದ್ರತೆ ನೀರಿನ 1.26 ಪಟ್ಟು, ಮೇಲಾಗಿ ನೀರಿನಲ್ಲಿ ಪೂರ್ಣವಾಗಿ ಬೆರೆಯುತ್ತದೆ. ಸಾಂದ್ರತೆ, ಸ್ನಿಗ್ಧತೆ, ವಿಲೀನತೆಗಳು ಮೂರು ಪ್ರತ್ಯೇಕ ಗುಣಗಳು. ಒಂದನ್ನು ಕಂಡು ಮತ್ತೊಂದನ್ನು ನಿರ್ಣಯಿಸಲಾಗದು.

ಇಂತಹ ಸಾಧಕನನ್ನು ವೈದ್ಯಕೀಯ ಅಕಾಡೆಮಿಯು 1842ರಲ್ಲಿ ಸದಸ್ಯನನ್ನಾಗಿ ಆರಿಸಿತು. ವಿಜ್ಞಾನ ಅಕಾಡೆಮಿಯ ಬಾಗಿಲು ಮಾತ್ರ ಪುನಃ ಪುನಃ ಯತ್ನಿಸಿದರೂ ತೆರೆಯಲಿಲ್ಲ. 1860ರಲ್ಲಿ ಆತನು ಪ್ರಾಥಮಿಕ ಶಾಲೆಗಳ ಇನ್ಸ್‌ಪೆಕ್ಟರ್ ಹುದ್ದೆಯನ್ನು ವಹಿಸಿಕೊಂಡನು. 1869ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಲ್ಲಿಯೇ ಕಾಲವಶನಾದನು.

ಮುಂದೆ 1913ರಲ್ಲಿ ಸ್ನಿಗ್ಧತೆಯ ಮಾನಕ್ಕೆ ಆತನ ನೆನಪಿಗಾಗಿ ‘ಪಾಯ್ಸ್’ ಎಂಬ ಹೆಸರು ಸೂಚಿತವಾಯಿತು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನ ಸ್ನಿಗ್ಧತೆ ಅದರ ಸುಮಾರು ನೂರನೆಯ ಒಂದು ಭಾಗ. ವಿದ್ವತ್ಸಭೆಯು ನೀಡದ ಪೀಠವನ್ನು ಶಾಸ್ತ್ರವೇ ನೀಡಿತು. ಮುಚ್ಚಿದ ವಿದ್ಯಾಲಯದಲ್ಲಿ ಒಂದೇ ವರ್ಷ ದೊರೆತ ಪಾಠವು ಒಬ್ಬ ವಿದ್ಯಾರ್ಥಿಯ ಬಾಳನ್ನು ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದಕ್ಕೆ ಪ್ವಾಸೇಯ ಜೀವನವೇ ನಿದರ್ಶನ.